ಬಿ.ಎ. ಮಾಡಿ ಏನು ಮಾಡುವುದು?

ಪ್ರತಿ ವರ್ಷ ಮೇ ತಿಂಗಳು ಬಂದಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಎರಡು ವಿಷಯಗಳ ಮಾತು ನಡೆಯುತ್ತದೆ. ಒಂದು, ಊರಿಗೆ ಹೋಗಲು ರೈಲಿನ ಟಿಕೆಟು ಸಿಕ್ಕಿತೋ ಇಲ್ಲವೋ ಎಂಬುದು. ಇನ್ನೊಂದು, ಹನ್ನೆರಡನೆಯ ತರಗತಿ ಪಾಸಾದ ಮಗುವನ್ನು ಎಲ್ಲಿಗೆ ಸೇರಿಸುವುದು ಎಂಬುದು. ಮೊದಲನೆಯದಕ್ಕೆ ನಮ್ಮಲ್ಲಿ ಉಪಾಯವಿಲ್ಲ. ಎರಡನೆಯದರ ಬಗ್ಗೆ ಈ ಸಲ ನಾಲ್ಕು ಮಾತು ಬರೆಯೋಣವೆಂದು ಕುಳಿತಿದ್ದೇವೆ. ನಾವೇನೂ ಶಿಕ್ಷಣತಜ್ಞರಲ್ಲ, ಸರಕಾರಿ ಕಚೇರಿಯೊಂದರಲ್ಲಿ ಟಪ್ಪಾಲು ದಾಖಲಿಸಿ, ಕಡತಗಳಿಗೆ ಟಿಪ್ಪಣಿ ಬರೆದು ಹೊಟ್ಟೆ ಹೊರೆಯುವ ಗುಮಾಸ್ತರು. ಆದರೂ ಮನೆತನದಲ್ಲಿ ಬಿ.ಎ. ಎಂದರೆ ನಮ್ಮದೊಂದೇ. ಆದ್ದರಿಂದ ಕಳೆದ ವರ್ಷ ಈ ಪ್ರಶ್ನೆ ನಮ್ಮಲ್ಲೇ ಎದ್ದಾಗ ಎಲ್ಲರ ಕಣ್ಣೂ ನಮ್ಮ ಕಡೆಗೆ ತಿರುಗಿತು.

ಆದದ್ದಿಷ್ಟು. ನಮ್ಮ ಅಣ್ಣ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. 1987ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಉಡುಪಿಯ ಕಡೆಯಿಂದ ಬಸ್ಸು ಹತ್ತಿ ಬಂದು, ಹಗಲು ಟೇಬಲು ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು, ಎಸ್.ಎಸ್.ಸಿ. ಮುಗಿಸಿದವರು. ಆ ಮೇಲೆ ಓದುವ ಸರದಿ ಅವರದಾಗಿರಲಿಲ್ಲ, ನಮ್ಮದಾಗಿತ್ತು. ನಮ್ಮ ಮೂರು ವರ್ಷದ ಫೀಜು, ಪುಸ್ತಕ, ರೈಲಿನ ಪಾಸು ಎಲ್ಲವೂ ಅವರ ಪಗಾರದಿಂದ ಬಂದವು. ಈಗ ಎರಡೂ ಸಂಸಾರ ಡೊಂಬಿವಲಿಯಲ್ಲಿ, ಐದು ನಿಮಿಷದ ನಡಿಗೆಯ ಅಂತರದಲ್ಲಿ.

ಅವರ ಮಗಳು ಕಾಮರ್ಸಿನಲ್ಲಿ ಶೇಕಡ 84 ಅಂಕ ತೆಗೆದು ಹನ್ನೆರಡನೆಯ ತರಗತಿ ದಾಟಿದಳು. ಮುಂದೆ ಬಿ.ಕಾಂ., ಜೊತೆಯಲ್ಲಿ ಸಿ.ಎ. ಎಂದು ಎಲ್ಲರೂ ಎಂದೋ ನಿಶ್ಚಯಿಸಿ ಬಿಟ್ಟಿದ್ದರು. ಫಲಿತಾಂಶದ ದಿನ ಪೇಡಾ ಹಂಚಿ ಮುಗಿದ ಮೇಲೆ ಹುಡುಗಿ ಮೆಲ್ಲಗೆ, "ಅಪ್ಪಾ, ನಾನು ಬಿ.ಎ.ಗೆ ಸೇರುತ್ತೇನೆ. ಇತಿಹಾಸ ಓದಬೇಕೆಂದಿದ್ದೇನೆ" ಎಂದಳು. ದಕ್ಷಿಣ ಮುಂಬಯಿಯ ಒಂದು ಚಿಕ್ಕ ಕಲಾ ಕಾಲೇಜನ್ನೂ ಅವಳೇ ನೋಡಿಟ್ಟಿದ್ದಳು.

ಅತ್ತಿಗೆ ಪೇಡಾದ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಪಕ್ಕದ ಮನೆಯ ಮರಾಠಿ ಅಜ್ಜಿ, "ಆರ್ಟ್ಸ್ ಎಂದರೆ ಡ್ರಾಯಿಂಗ್ ತಾನೆ? ಒಳ್ಳೆಯದು, ಹುಡುಗಿ ರಂಗೋಲಿ ಚೆನ್ನಾಗಿ ಹಾಕುತ್ತಾಳೆ" ಎಂದರು. ಅಣ್ಣ ಮಾತ್ರ ನಗಲಿಲ್ಲ. "ಬಿ.ಎ. ಮಾಡಿ ಏನು ಮಾಡುವುದು ಮಾರಾಯ? ನೀನೇ ಹೇಳು. ನಿನಗೆ ಬಿ.ಎ. ಮಾಡಿಸಿದವ ನಾನು. ಅದರ ಬೆಲೆ ಎಷ್ಟು ಎಂದು ನನಗೆ ಗೊತ್ತುಂಟು" ಎಂದು ನಮ್ಮನ್ನೇ ಕೇಳಿದರು.

ನಾವು ಅಣ್ಣನ ಪಕ್ಷವನ್ನೇ ಹಿಡಿದೆವು. ಸತ್ಯ ಹೇಳಬೇಕೆಂದರೆ ಬಿ.ಎ.ಯ ಮೇಲೆ ನಮಗೇ ಗೌರವ ಉಳಿದಿರಲಿಲ್ಲ. "ನೋಡಮ್ಮ, ನಮ್ಮ ನೌಕರಿಗೆ ಒಂದು ಪದವಿ ಬೇಕಾಗಿತ್ತು, ಅದು ಬಿ.ಎ. ಆಯಿತು, ಅಷ್ಟೆ. ಯಾವ ಪದವಿಯಾದರೂ ನಡೆಯುತ್ತಿತ್ತು. ಅದಕ್ಕೇಕೆ ಕಾಮರ್ಸು ಬಿಡಬೇಕು?" ಎಂದು ಬುದ್ಧಿ ಹೇಳಿದೆವು.

ಹುಡುಗಿ ವಾದ ಮಾಡಲಿಲ್ಲ. "ಚಿಕ್ಕಪ್ಪ, ನಿಮಗೆ ಕಲಿಸಿದವರಲ್ಲಿ ಯಾರು ನೆನಪಿದ್ದಾರೆ?" ಎಂದು ಕೇಳಿದಳು.

ನಾವು ಬಾಯಿ ತೆರೆದೆವು, ಹೆಸರು ಬರಲಿಲ್ಲ. ನಾವು ಓದಿದ್ದು ದೊಡ್ಡ ಕಾಲೇಜು. ಒಂದೊಂದು ವರ್ಗದಲ್ಲಿ ನೂರಿಪ್ಪತ್ತು ಜನ. ಹಾಜರಿ ಕರೆಯುವಾಗ ನಾವು ಎಂಬತ್ತೇಳನೆಯ ನಂಬರು. ಮೂರು ವರ್ಷದಲ್ಲಿ ಯಾವ ಪ್ರೊಫೆಸರರೂ ನಮ್ಮನ್ನು ಹೆಸರು ಹಿಡಿದು ಕರೆಯಲಿಲ್ಲ. ನಾವೂ ಅವರನ್ನು ಒಂದು ಪ್ರಶ್ನೆ ಕೇಳಲಿಲ್ಲ. ಪರೀಕ್ಷೆಗೆ ಮೊದಲು ಸ್ಟೇಷನ್ನಿನ ಹೊರಗಿನ ಝೆರಾಕ್ಸ್ ಅಂಗಡಿಯಿಂದ ನೋಟ್ಸು ತಂದು ಉರು ಹೊಡೆದೆವು. ಪಾಸಾದೆವು. ಅದು ಬಿ.ಎ.ಯ ತಪ್ಪೋ, ನಾವು ಮಾಡಿದ ರೀತಿಯ ತಪ್ಪೋ ಎಂದು ಅಂದಿನವರೆಗೆ ನಾವು ಕೇಳಿಕೊಂಡಿರಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಅವಳಿಗೆ ಇತಿಹಾಸದ ಹುಚ್ಚು ಹಿಡಿದದ್ದರಲ್ಲಿ ನಮ್ಮ ಪಾಲೂ ಇತ್ತು. ಅದಕ್ಕೆ ಹಿಂದಿನ ವರ್ಷ ಸಂಘದ ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಗೆ ಅವಳು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಬರೆದಿದ್ದಳು. ಅಪ್ಪನನ್ನೂ ಅವರ ಹಳೆಯ ಸಂಗಾತಿಗಳನ್ನೂ ಕೂರಿಸಿಕೊಂಡು, ಎಷ್ಟು ಗಂಟೆಗೆ ಕೆಲಸ ಬಿಡುತ್ತಿದ್ದಿರಿ, ಎಲ್ಲಿ ಮಲಗುತ್ತಿದ್ದಿರಿ, ಪುಸ್ತಕ ಯಾರು ಕೊಟ್ಟರು ಎಂದು ಕೇಳಿ ಬರೆದುಕೊಂಡಿದ್ದಳು. ಅವಳ ಒತ್ತು, ದೀರ್ಘ ತಿದ್ದಿದವರು ನಾವು. ಅಣ್ಣ ಅಷ್ಟು ಮಾತಾಡಿದ್ದನ್ನು ನಾವು ಕಂಡಿರಲಿಲ್ಲ. ಆದರೆ ಸ್ಪರ್ಧೆಯಲ್ಲಿ ಸ್ಟೀಲಿನ ತಟ್ಟೆ ಬಂದಾಗ ಚಪ್ಪಾಳೆ ತಟ್ಟಿ, ಅದನ್ನೇ ಓದುತ್ತೇನೆಂದಾಗ ಹೌಹಾರುವುದು ಸರಿಯೇ?

ಹೀಗೆ ಯೋಚಿಸುತ್ತ ನಮ್ಮವರ ಹಳೆಯ ಕಥೆ ನೆನಪಾಯಿತು. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳೆಲ್ಲ ಆಗ ಮುಂಬಯಿ ಪ್ರಾಂತದಲ್ಲೇ ಇದ್ದರೂ ಆ ಕನ್ನಡ ಜಿಲ್ಲೆಗಳಲ್ಲಿ ಬಿ.ಎ. ತನಕ ಓದಿಸುವ ಕಾಲೇಜು ಬಹುಕಾಲ ಇರಲಿಲ್ಲ. ಓದಬೇಕೆಂದವರು ಪುಣೆಗೋ ಮುಂಬಯಿಗೋ ಬರಬೇಕಾಗಿತ್ತು. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಬೇಂದ್ರೆಯವರೂ ಅಲ್ಲಿಯೇ ಓದಿ 1918ರಲ್ಲಿ ಬಿ.ಎ. ಆದರು. ಈ ಕೊರತೆಯನ್ನು ನೀಗಬೇಕೆಂದು ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ಮುಂದಾಗಿ ಜನರಿಂದ ಹಣ ಕೂಡಿಸಿದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಮುಂದೆ ಅದು ನೆಲೆ ನಿಂತದ್ದು ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಲ್ಲಿನ ಕಟ್ಟಡದಲ್ಲಿ. ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗುವ ಮೊದಲು ಓದಿದ್ದು ಅಲ್ಲಿ.

ಈ ಮುಂಬಯಿಯಲ್ಲೇ ಇನ್ನೊಂದು ಉದಾಹರಣೆಯಿದೆ. ಡಾ. ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜ್ಯುಕೇಶನ್ ಸೊಸೈಟಿಯನ್ನು ಸ್ಥಾಪಿಸಿ, 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು. ದುಡಿಯುವವರಿಗೂ ಓದಲು ಬರಬೇಕೆಂದು ಬೆಳಗಿನ ಹೊತ್ತು ತರಗತಿಗಳನ್ನು ನಡೆಸಿದರು. ಅವರೆಲ್ಲ ಹೊಟ್ಟೆಪಾಡು ಅರಿಯದವರೆ? ಕಾಲೇಜಿನಿಂದ ನೌಕರಿ ಬರಬೇಕೆಂಬ ಆಸೆ ಅವರಿಗೂ ಇತ್ತು. ಅದರ ಜೊತೆಗೇ ನಾಲ್ಕು ಜನರ ಮುಂದೆ ನಿಂತು ತನ್ನ ವಿಚಾರ ಹೇಳಬಲ್ಲ ಮನುಷ್ಯ ಬರಬೇಕೆಂಬುದೂ ಇತ್ತು. ಇಂಗ್ಲಿಷಿನಲ್ಲಿ 'ಲಿಬರಲ್ ಆರ್ಟ್ಸ್' ಎನ್ನುತ್ತಾರಲ್ಲ, ಆ ಮಾತಿನ ಮೂಲ ಲ್ಯಾಟಿನ್ ಅರ್ಥವೂ ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆ ಎಂದೇ.

ಆ ಶಬ್ದ ಈಚೆಗೆ ಬಲು ಚಲಾವಣೆಯಲ್ಲಿದೆ. ಹುಡುಗಿ ಅಂಥ ಹೆಸರುಗಳ ಪಟ್ಟಿಯನ್ನೇ ತಂದಿದ್ದಳು: ಸೋನೀಪತ್‌ನ ಅಶೋಕ, ಪುಣೆಯ ಫ್ಲೇಮ್, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಅಲ್ಲಿ ಇತಿಹಾಸದ ಜೊತೆಗೆ ಗಣಿತ, ಸಂಗೀತದ ಜೊತೆಗೆ ಅರ್ಥಶಾಸ್ತ್ರ ಓದಬಹುದು. ವರ್ಷದ ವೆಚ್ಚ ಲಕ್ಷಗಳ ಲೆಕ್ಕದಲ್ಲಿ. ಬಡ ಮಕ್ಕಳಿಗೆ ಧನಸಹಾಯದ ವ್ಯವಸ್ಥೆಯೂ ಇದೆ. ಅರ್ಹರಿರುವವರು ಹೆದರಿ ಹಿಂದೆ ಸರಿಯದೆ ಅರ್ಜಿ ಹಾಕಬೇಕು. ಆದರೆ ಅವುಗಳ ಅರ್ಜಿಯ ಕೆಲಸ ಹನ್ನೆರಡನೆಯ ತರಗತಿಯ ಫಲಿತಾಂಶಕ್ಕೆ ಬಹಳ ಮೊದಲೇ ಶುರುವಾಗುತ್ತದೆ. ನಾವು ಮೇ ತಿಂಗಳಲ್ಲಿ ಎಚ್ಚರಗೊಂಡವರು. ಉಳಿದದ್ದು ಅವಳು ನೋಡಿಟ್ಟಿದ್ದ ಆ ಮುಂಬಯಿಯ ಚಿಕ್ಕ ಕಾಲೇಜು.

ಅಮೆರಿಕದಲ್ಲಿ ವಿಲಿಯಮ್ಸ್, ಆಮ್ಹರ್ಸ್ಟ್ ಮುಂತಾದ ಚಿಕ್ಕ ಕಾಲೇಜುಗಳು ಇನ್ನೂರು ವರ್ಷಗಳಿಂದ ಹೆಸರಾಗಿವೆ. ಅವು ತಮ್ಮ ಪಾಠಪಟ್ಟಿಯನ್ನು ತಾವೇ ಮಾಡಿಕೊಳ್ಳುತ್ತವೆ, ಪದವಿಯನ್ನೂ ತಾವೇ ಕೊಡುತ್ತವೆ. ನಮ್ಮಲ್ಲಿ ಹಾಗಲ್ಲ. ಸಾಮಾನ್ಯವಾಗಿ ಪಠ್ಯಕ್ರಮ ವಿಶ್ವವಿದ್ಯಾಲಯದ್ದು, ಪದವಿ ವಿಶ್ವವಿದ್ಯಾಲಯದ್ದು. ಕಾಲೇಜು ಅದರ ಅಂಗಸಂಸ್ಥೆ. 2010ರಲ್ಲಿ ಸೇಂಟ್ ಝೇವಿಯರ್ಸ್ ಸ್ವಾಯತ್ತವಾದ ಹಾಗೆ ಸ್ವಾಯತ್ತತೆ ಪಡೆದವು ಮಾತ್ರ ಪಠ್ಯಕ್ರಮವನ್ನು ತಾವೇ ರೂಪಿಸಬಹುದು. ಆದ್ದರಿಂದ 'ಚಿಕ್ಕದು' ಎಂದ ಮಾತ್ರಕ್ಕೆ ನಮ್ಮಲ್ಲಿ ಚೊಕ್ಕದು ಎಂದಾಗುವುದಿಲ್ಲ. ಒಂದು ಕಾಲೇಜು ಕಾಳಜಿಯಿಂದ ಚಿಕ್ಕದಾಗಿರಬಹುದು, ಯಾರೂ ಬಾರದೆ ಸೊರಗಿಯೂ ಚಿಕ್ಕದಾಗಿರಬಹುದು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ನೋಡಬೇಕಾದದ್ದು ಅದನ್ನೇ.

ನೋಡುವುದು ಹೇಗೆ? ನಮಗೆ ಗೊತ್ತಿರುವ ವಿದ್ಯೆ ಒಂದೇ. ಒಂದು ಕಡತ ತೆರೆದೆವು. ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ 'ಅನುಕೂಲ', ಇನ್ನೊಂದು ಕಡೆ 'ಪ್ರತಿಕೂಲ' ಎಂದು ಬರೆದು, ಅರ್ಧ ದಿನದ ರಜೆ ಹಾಕಿ, ಹುಡುಗಿಯನ್ನು ಕರೆದುಕೊಂಡು ಕಾಲೇಜಿಗೆ ಹೋದೆವು. ವಾಚಕರಿಗೆ ಉಪಯೋಗವಾದೀತೆಂದು ಆ ಕಡತದ ಸಾರವನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದು, ವಿಷಯ. ಮಾಹಿತಿ ಪುಸ್ತಕದಲ್ಲಿ ಇತಿಹಾಸ ಇದೆ ಎಂದರೆ ಸಾಲದು. ಮೂರನೆಯ ವರ್ಷದಲ್ಲಿ ಈಗ ಎಷ್ಟು ಜನ ಆ ವಿಷಯ ಓದುತ್ತಿದ್ದಾರೆ ಎಂದು ಕೇಳಬೇಕು. ವಿದ್ಯಾರ್ಥಿಗಳು ತೀರ ಕಡಿಮೆಯಾದರೆ ಮುಖ್ಯ ವಿಷಯವೇ ಮುಚ್ಚಿಹೋಗಿ, ಮಗು ನಡುದಾರಿಯಲ್ಲಿ ಬೇರೆ ವಿಷಯಕ್ಕೆ ಹೊರಳಬೇಕಾದೀತು. ಇಲ್ಲಿ ಹದಿನಾರು ಜನ ಇದ್ದರು. ಅನುಕೂಲದಲ್ಲಿ ಬರೆದೆವು, ಕೊಂಚ ಅನುಮಾನದಿಂದಲೇ.

ಎರಡನೆಯದು, ಕಲಿಸುವವರು. ಮಹಾರಾಷ್ಟ್ರದ ಬಹಳಷ್ಟು ಕಾಲೇಜುಗಳಲ್ಲಿ ಕಾಯಂ ಹುದ್ದೆಗಳು ಖಾಲಿ ಬಿದ್ದು, ತಾಸಿನ ಲೆಕ್ಕದಲ್ಲಿ ಸಂಬಳ ಪಡೆಯುವ ಅಧ್ಯಾಪಕರಿಂದ ಕೆಲಸ ನಡೆಯುತ್ತದೆ. ಅವರಲ್ಲಿ ವಿದ್ವಾಂಸರು ಇಲ್ಲವೆಂದಲ್ಲ. ಆದರೆ ಒಂದು ತಾಸು ಇಲ್ಲಿ, ಇನ್ನೊಂದು ತಾಸು ಮತ್ತೊಂದು ಕಾಲೇಜಿನಲ್ಲಿ ಎಂದು ಓಡುವವರನ್ನು ಪಾಠ ಮುಗಿದ ಮೇಲೆ ಹಿಡಿದು ಸಂದೇಹ ಕೇಳುವುದು ಎಲ್ಲಿಂದ? ಚಿಕ್ಕ ಕಾಲೇಜಿನ ಲಾಭವೆಲ್ಲ ಇರುವುದು ಆ ಪಾಠದ ನಂತರದ ಹತ್ತು ನಿಮಿಷದಲ್ಲಿ. ಇಲ್ಲಿ ಇತಿಹಾಸಕ್ಕೆ ಕಾಯಂ ಅಧ್ಯಾಪಕರು ಇಬ್ಬರು, ತಾಸಿನವರು ಒಬ್ಬರು. ಇಬ್ಬರಲ್ಲಿ ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದರು. ಎರಡೂ ಕಡೆ ಬರೆದೆವು.

ಮೂರನೆಯದು, ಜೊತೆಯ ವಿಷಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ವ್ಯವಸ್ಥೆ ಈಗ ನಮ್ಮ ಕಾಲೇಜುಗಳಿಗೂ ಬಂದಿದೆ. ಒಂದು ಮುಖ್ಯ ವಿಷಯ, ಒಂದು ಉಪವಿಷಯ, ಬೇರೆ ವಿಭಾಗದಿಂದ ಆಯ್ದ ವಿಷಯ, ಕೌಶಲದ ಪಾಠ ಎಂದು ಊಟದ ಎಲೆಯಂತೆ ಬಡಿಸುತ್ತಾರೆ. ಮೂರು ವರ್ಷಕ್ಕೆ ಪದವಿ. ನಾಲ್ಕನೆಯ ವರ್ಷವೂ ಓದಿದರೆ ಆನರ್ಸ್. ಎಲೆ ದೊಡ್ಡದಾದರೂ ಬಡಿಸುವ ಕೈ ಎಷ್ಟು ಎಂಬುದು ಮುಖ್ಯ. ಚಿಕ್ಕ ಕಾಲೇಜಿನಲ್ಲಿ ಆಯ್ಕೆ ಕಡಿಮೆ. ಇಲ್ಲಿ ಇತಿಹಾಸಕ್ಕೆ ಜೊತೆಯಾಗಿ ಅರ್ಥಶಾಸ್ತ್ರ ಸಿಗುತ್ತಿತ್ತು. ಅವಳ ಕಾಮರ್ಸಿನ ಓದು ವ್ಯರ್ಥವಾಗಲಿಲ್ಲವೆಂದು ಅಣ್ಣನಿಗೆ ಹೇಳಲು ನಮಗೊಂದು ಮಾತು ಸಿಕ್ಕಿತು.

ನಾಲ್ಕನೆಯದು, ಗ್ರಂಥಾಲಯ. ಇದು ನಮ್ಮ ಕಸುಬಿನ ಜಾಗ. ಎಷ್ಟು ಸಾವಿರ ಪುಸ್ತಕಗಳಿವೆ ಎಂದು ನಾವು ಕೇಳಲಿಲ್ಲ. ಇತಿಹಾಸದ ಕಪಾಟಿನಿಂದ ಐದಾರು ಪುಸ್ತಕ ತೆಗೆದು, ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ತಾರೀಖಿನ ಮೊಹರು ನೋಡಿದೆವು. ಎರಡು ಪುಸ್ತಕಗಳು ಹತ್ತು ವರ್ಷದಿಂದ ಕಪಾಟು ಬಿಟ್ಟಿರಲಿಲ್ಲ. ಉಳಿದವು ಅದೇ ವರ್ಷ ಹೊರಗೆ ಹೋಗಿ ಬಂದಿದ್ದವು. ಒಂದರ ಚೀಟಿ ತುಂಬಿ ಎರಡನೆಯ ಚೀಟಿ ಅಂಟಿಸಿದ್ದರು. ಇಲಾಖೆಯ ವರದಿ ಸುಳ್ಳು ಹೇಳಬಹುದು, ಮೊಹರು ಹೇಳುವುದು ಅಪರೂಪ.

ಐದನೆಯದು, ಹಾದಿ. ಇದನ್ನು ನಮ್ಮ ಉಪನಗರದ ತಂದೆತಾಯಿಗಳು ಮರೆಯಬಾರದು. ಡೊಂಬಿವಲಿಯಿಂದ ದಕ್ಷಿಣ ಮುಂಬಯಿಗೆ ಹೋಗಿ ಬರುವುದೆಂದರೆ ದಿನಕ್ಕೆ ಮೂರು ತಾಸು, ಮಳೆಗಾಲದಲ್ಲಿ ಲೆಕ್ಕವಿಲ್ಲ. ಬೆಳಗಿನ ಡೊಂಬಿವಲಿ ಪ್ಲಾಟ್‌ಫಾರಂ ಎಂಥದೆಂದು ಬರೆದು ತಿಳಿಸಬೇಕಾಗಿಲ್ಲ. ಹತ್ತಿರದ ಸಾಧಾರಣ ಕಾಲೇಜು, ದೂರದ ಒಳ್ಳೆಯ ಕಾಲೇಜು ಎಂಬ ತಕ್ಕಡಿಯಲ್ಲಿ ಆ ಮೂರು ತಾಸಿನ ಕಲ್ಲನ್ನೂ ಇಟ್ಟು ತೂಗಬೇಕು. ಪ್ರತಿಕೂಲದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆವು.

ಆರನೆಯದು, ಹಣ. ಸರಕಾರದ ಅನುದಾನವಿರುವ ಬಿ.ಎ.ಗೆ ಫೀಜು ಕಡಿಮೆ. ಅದೇ ಕಟ್ಟಡದಲ್ಲಿ ಅನುದಾನವಿಲ್ಲದೆ ನಡೆಯುವ ಹೊಸ ಹೆಸರಿನ ಕೋರ್ಸುಗಳಿಗೆ ಅದರ ಹಲವು ಪಟ್ಟು. ಯಾವುದು ಯಾವುದೆಂದು ಫಾರಂ ತುಂಬುವ ಮೊದಲೇ ಬಾಯಿಬಿಟ್ಟು ಕೇಳಬೇಕು. ನಾವು ಕನ್ನಡಿಗರು ಇಲ್ಲಿಯೇ ಸಂಕೋಚಪಡುತ್ತೇವೆ.

ಏಳನೆಯದು, ಮುಂದೇನು? ಅಣ್ಣನ ಪ್ರಶ್ನೆಯೇ ಇದು, ಜಾರಿಸುವಂತಿಲ್ಲ. ಕೇಂದ್ರ ಹಾಗೂ ರಾಜ್ಯದ ಲೋಕಸೇವಾ ಪರೀಕ್ಷೆಗಳಿಗೆ, ಬ್ಯಾಂಕಿನ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಪದವಿಯ ನಂತರ ಮೂರು ವರ್ಷದ ಕಾನೂನು, ಬಿ.ಎಡ್., ಗ್ರಂಥಾಲಯ ಶಾಸ್ತ್ರ, ಎಂ.ಎ. ಉಂಟು. ಆದರೆ ಬಿ.ಎ. ಆದೊಡನೆ ಯಾರೂ ಮನೆಗೆ ಬಂದು ನೌಕರಿ ಕೊಡುವುದಿಲ್ಲ. ಆ ಕಾಲೇಜಿನಲ್ಲಿ ಕಂಪನಿಗಳನ್ನು ಕರೆಸಿ ನೌಕರಿ ಕೊಡಿಸುವ ವ್ಯವಸ್ಥೆ ಹೆಸರಿಗಷ್ಟೇ ಇತ್ತು. ಕಾಮರ್ಸಿನವರಿಗೆ ದಾರಿ ಇದಕ್ಕಿಂತ ನೇರವಾಗಿದೆ ಎಂಬುದನ್ನು ಒಪ್ಪಿ ಬರೆದೆವು.

ಆದರೆ ಇತಿಹಾಸದವರಿಗೆ ಈ ಊರೇ ಒಂದು ಪಾಠಶಾಲೆ. ಮಹಾರಾಷ್ಟ್ರ ರಾಜ್ಯ ದಫ್ತರಖಾನೆ ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. ಮುಂಬಯಿ ಪ್ರಾಂತದ ಹಳೆಯ ಕಾಗದಪತ್ರಗಳು ಅಲ್ಲಿವೆ. ಧಾರವಾಡ, ಬೆಳಗಾವಿ, ಕಾರವಾರಗಳ ಸಂಗತಿಗಳೂ ಆ ಕಟ್ಟುಗಳಲ್ಲಿ ಸೇರಿವೆ. ಅವನ್ನು ಬರೆದವರು ಯಾರು? ನಮ್ಮಂಥ ಗುಮಾಸ್ತರು. ನಾವು ಬರೆದ ಟಿಪ್ಪಣಿಯನ್ನು ನೂರು ವರ್ಷದ ಮೇಲೆ ಒಬ್ಬಳು ಹುಡುಗಿ ತೆರೆದು ಓದುತ್ತಾಳೆಂದು ನೆನೆದಾಗ, ನಿಜ ಹೇಳುತ್ತೇವೆ, ಆ ದಿನ ನಮಗೆ ನಮ್ಮ ಕೆಲಸದ ಮೇಲೂ ಸ್ವಲ್ಪ ಮರ್ಯಾದೆ ಬಂತು.

ಎಂಟನೆಯದು ಕಾಲೇಜನ್ನಲ್ಲ, ಮಗುವನ್ನೇ ಕುರಿತದ್ದು. ಎಲ್ಲ ಮಕ್ಕಳಿಗೂ ಚಿಕ್ಕ ಜಾಗ ಒಗ್ಗುವುದಿಲ್ಲ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ಮಗ ಇಂಥದೇ ಚಿಕ್ಕ ಕಾಲೇಜಿಗೆ ಸೇರಿ, ನಾಟಕವಿಲ್ಲ, ಕ್ರಿಕೆಟ್ ತಂಡವಿಲ್ಲ, ಎಲ್ಲಿ ನೋಡಿದರೂ ಅದೇ ಇಪ್ಪತ್ತು ಮುಖ ಎಂದು ಬೇಸತ್ತು ಎರಡನೆಯ ವರ್ಷಕ್ಕೆ ದೊಡ್ಡ ಕಾಲೇಜಿಗೆ ಹೋದ, ಅಲ್ಲಿ ಚೆನ್ನಾಗಿದ್ದಾನೆ. ಕೆಲವು ಮಕ್ಕಳು ಗದ್ದಲದಲ್ಲಿ ಅರಳುತ್ತಾರೆ. ನಮ್ಮ ಹುಡುಗಿ ಹಾಗಲ್ಲ. ನೂರು ಜನರ ನಡುವೆ ಕೈ ಎತ್ತಲಾರಳು. ನಾಲ್ಕು ಜನರ ನಡುವೆ ಬಿಟ್ಟರೆ ಎದುರಿನವರು ಸುಸ್ತಾಗುವವರೆಗೆ ಪ್ರಶ್ನೆ ಕೇಳುತ್ತಾಳೆ. ನಾವೂ ಚಿಕ್ಕಂದಿನಲ್ಲಿ ಹಾಗೆಯೇ ಇದ್ದೆವೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಎಂಬತ್ತೇಳನೆಯ ನಂಬರಾದ ಮೇಲೆ ಕೈ ಎತ್ತುವುದು ಬಿಟ್ಟುಹೋಯಿತು.

ಕಡತ ಸಿದ್ಧವಾಯಿತು. 'ಮೇಲಿನವರ ಆದೇಶಕ್ಕಾಗಿ' ಎಂದು ಕೊನೆಯಲ್ಲಿ ಬರೆದು ಅಣ್ಣನ ಕೈಗಿತ್ತೆವು. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು. "ಹೋಟೆಲನ್ನು ಗಲ್ಲಾದಿಂದ ನೋಡಿದರೆ ಗೊತ್ತಾಗುವುದಿಲ್ಲ, ಅಡುಗೆಮನೆಗೆ ಹೋಗಬೇಕು" ಎಂದಷ್ಟೇ ಹೇಳಿ, ತಮ್ಮ ವಾರದ ರಜೆಯ ದಿನ ಯಾರಿಗೂ ತಿಳಿಸದೆ ತಾವೊಬ್ಬರೇ ಆ ಕಾಲೇಜಿಗೆ ಹೋಗಿ ಬಂದರು. ಪ್ರಿನ್ಸಿಪಾಲರನ್ನು ಕಾಣಲಿಲ್ಲ. ಗೇಟಿನ ವಾಚಮನ್ನನ ಹತ್ತಿರ ಅರ್ಧ ತಾಸು ಮಾತಾಡಿದರಂತೆ. ಕ್ಯಾಂಟೀನಿನಲ್ಲಿ ಚಹಾ ಕುಡಿದರಂತೆ. "ಚಹಾ ತೀರ ಕೆಟ್ಟದು" ಎಂಬುದು ಮೊದಲ ವರದಿ. ಎರಡನೆಯದು, "ಪಾಠ ಬಿಟ್ಟ ಮೇಲೂ ಒಬ್ಬರು ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಮೂರು ಮಕ್ಕಳೊಡನೆ ಮಾತಾಡುತ್ತಲೇ ಇದ್ದರು. ನಾನು ಚಹಾ ಮುಗಿಸಿ ಬಂದಾಗಲೂ ಇದ್ದರು."

ಆ ಮೇಲೆ ತಮ್ಮ ಷರಾ ಬರೆದರು. ಬಿ.ಎ. ಸರಿ, ಉಪವಿಷಯ ಅರ್ಥಶಾಸ್ತ್ರವೇ ಆಗಬೇಕು, ರಜೆಯಲ್ಲಿ ಟ್ಯಾಲಿ ಕಲಿಯಬೇಕು, ಒಂದು ವರ್ಷದ ನಂತರ ಎಲ್ಲರೂ ಕೂತು ಮತ್ತೆ ನೋಡಬೇಕು. ಹುಡುಗಿ ಒಪ್ಪಿದಳು. ಅತ್ತಿಗೆಗೆ ಈಗಲೂ ಸಮಾಧಾನವಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ "ಮಗಳು ಏನು ಓದುತ್ತಿದ್ದಾಳೆ?" ಎಂದರೆ, "ಪರೀಕ್ಷೆಗೆ ಕೂರಲಿಕ್ಕಿದ್ದಾಳೆ" ಎಂದು ಯಾವ ಪರೀಕ್ಷೆಯೆಂದು ಹೇಳದೆ ಮಾತು ತೇಲಿಸುತ್ತಾರೆ. ಅವರನ್ನು ತಪ್ಪೆನ್ನುವಂತಿಲ್ಲ. ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಭದ್ರತೆ ಎಂಬ ಶಬ್ದದ ತೂಕ ನಮಗಿಂತ ಚೆನ್ನಾಗಿ ಗೊತ್ತು.

ಈಗ ಒಂದು ವರ್ಷವಾಗುತ್ತ ಬಂತು. ಎಲ್ಲ ಸುಗಮವಾಯಿತೆಂದು ಬರೆದರೆ ಸುಳ್ಳಾದೀತು. ರೈಲಿನ ದಣಿವಿನಿಂದ ಹುಡುಗಿ ಇಳಿದುಹೋಗಿದ್ದಾಳೆ. ನಾವು ಹೆದರಿದ್ದಂತೆ ಆ ಹಿರಿಯ ಅಧ್ಯಾಪಕರು ಡಿಸೆಂಬರಿನಲ್ಲಿ ನಿವೃತ್ತರಾದರು. ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಅಂಕಗಳು ಒಳ್ಳೆಯವು, ಆದರೆ ಹಾರಾಡುವಂಥವಲ್ಲ. ಬರುವ ತಿಂಗಳು ಎಲ್ಲರೂ ಕೂತು ನೋಡಬೇಕಾದ ಕಡತ ಇನ್ನೂ ತೆರೆದೇ ಇದೆ.

ಆದರೆ ಫೆಬ್ರವರಿಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಹುಡುಗಿಗೆ ಜ್ವರ ಬಂದು ನಾಲ್ಕು ದಿನ ಕಾಲೇಜಿಗೆ ಹೋಗಲಿಲ್ಲ. ಐದನೆಯ ದಿನ ಮಧ್ಯಾಹ್ನ, ಊಟದ ಗದ್ದಲದ ಹೊತ್ತಿನಲ್ಲಿ, ಅಣ್ಣನಿಗೆ ಫೋನು ಬಂತು. ಕಾಲೇಜಿನಿಂದ ಎಂದು ಕೇಳಿ ಅವರ ಎದೆ ಧಸಕ್ಕೆಂದಿತಂತೆ. ಗಲ್ಲಾದ ಮುಂದೆ ಹಣ ಹಿಡಿದು ಐದಾರು ಗಿರಾಕಿಗಳು ನಿಂತಿದ್ದರು. ಇತಿಹಾಸದ ಅಧ್ಯಾಪಕಿ ಹುಡುಗಿಯ ಹೆಸರು ಹಿಡಿದು, ನಾಲ್ಕು ದಿನದಿಂದ ಕಾಣಲಿಲ್ಲ, ಆರೋಗ್ಯ ಹೇಗಿದೆ ಎಂದು ಕೇಳಿದರು. ರಾತ್ರಿ ಶಾಲೆಗಳ ಬಗ್ಗೆ ಅವಳು ಬರೆಯುತ್ತಿರುವುದನ್ನು ಮುಗಿಸಲಿ, ಅವಸರವಿಲ್ಲ ಎಂದರು. ಅಷ್ಟೆ.

ರಾತ್ರಿ ಕೊನೆಯ ಲೋಕಲಿನಿಂದ ಇಳಿದ ಅಣ್ಣ ತಮ್ಮ ಮನೆಗೆ ಹೋಗದೆ ನೇರ ನಮ್ಮಲ್ಲಿಗೆ ಬಂದರು. ನಮ್ಮ ಮನೆಯವರು ಮಜ್ಜಿಗೆ ತಂದುಕೊಟ್ಟರು. ಕುಡಿದು ಲೋಟ ಕೆಳಗಿಟ್ಟು ಕೇಳಿದರು:

"ಮಾರಾಯ, ಮೂರು ವರ್ಷ ನಿನ್ನ ಫೀಜು ಕಟ್ಟಿದೆನಲ್ಲ, ನಿನ್ನ ಕಾಲೇಜಿನಿಂದ ನನಗೆ ಒಂದು ಫೋನು ಬಂದಿತ್ತೋ?"

"ಇಲ್ಲ ಅಣ್ಣ."

"ಹ್ಞೂಂ" ಎಂದು ಚಪ್ಪಲಿ ಮೆಟ್ಟಿ ಹೊರಟರು.

ಬಿ.ಎ. ಮಾಡಿ ಏನು ಮಾಡುವುದು ಎಂಬ ಪ್ರಶ್ನೆಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಆ ಪ್ರಶ್ನೆಗೆ ಮೊದಲು ಇನ್ನೊಂದನ್ನು ಕೇಳಬೇಕೆಂದು ಮಾತ್ರ ತಿಳಿದುಕೊಂಡಿದ್ದೇವೆ: ನಮ್ಮ ಮಗು ನಾಲ್ಕು ದಿನ ಬಾರದಿದ್ದರೆ ಅಲ್ಲಿ ಯಾರಿಗಾದರೂ ಗೊತ್ತಾಗುತ್ತದೆಯೆ? ದೊಡ್ಡ ಕಾಲೇಜಾಗಲಿ ಚಿಕ್ಕದಾಗಲಿ, ಕಾಮರ್ಸಾಗಲಿ ಕಲೆಯಾಗಲಿ, ಇದಕ್ಕೆ ಹೌದೆಂಬ ಉತ್ತರ ಬಂದರೆ ಉಳಿದ ಲೆಕ್ಕ ಹಾಕಲು ಕುಳಿತುಕೊಳ್ಳಬಹುದು.

ಕೊನೆಗೊಂದು ಬಿನ್ನಹ. ನಮ್ಮ ಸಂಘದ ಸದಸ್ಯರಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಅಧ್ಯಾಪಕರಿದ್ದಾರೆ, ಈಗ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳೂ ಇದ್ದಾರೆ. ಮೇ ತಿಂಗಳ ಒಂದು ಭಾನುವಾರ ಸಂಜೆ ಇವರೆಲ್ಲ ಕೂತು, ಹನ್ನೆರಡನೆಯ ತರಗತಿ ಮುಗಿಸಿದವರ ತಂದೆತಾಯಿಗಳ ಪ್ರಶ್ನೆಗಳಿಗೆ ಉತ್ತರಿಸಿದರೆ ಎಷ್ಟು ಉಪಕಾರ! ಕಾರ್ಯಕಾರಿ ಸಮಿತಿಯವರು ಮನಸ್ಸು ಮಾಡಲಿ. ನಮ್ಮ ಕಡತವನ್ನು ನಾವು ತರುತ್ತೇವೆ. ಚಹಾದ ಜವಾಬ್ದಾರಿ ಅಣ್ಣನದು. ಅದು ಚೆನ್ನಾಗಿಯೇ ಇರುತ್ತದೆ.